6/6 ಬಂತು, ಖರೆ. ರಾತ್ರಿ ಏನ್ ಕಾಣ್ತದ?

ದಪ್ಪ ಚಷ್ಮಾ ಹಾಕ್ಕೊಂಡವರಿಗೆ ಜನ ಹೆಸರಿಗಿಂತ ಮೊದಲು ನಂಬರ್ ಕೇಳ್ತಾರೆ. "ಎಷ್ಟ್ ಅದಾ ನಂಬರ್?" ಮೈನಸ್ ಆರು ಅಂದ್ರೆ ಒಂದು "ಅಬ್ಬಾ", ಮೈನಸ್ ಹನ್ನೆರಡು ಅಂದ್ರೆ ಒಂದು ನಿಟ್ಟುಸಿರು. ಆಮೇಲೆ ಚಷ್ಮಾ ತೆಗೆಸಿ, ಮುಖದ ಮುಂದೆ ಎರಡು ಬೆರಳು ಹಿಡಿದು "ಇದು ಎಷ್ಟು ಹೇಳು?" ಅನ್ನೋ ಪರೀಕ್ಷೆ. ಇಂಜಿನಿಯರಿಂಗ್ ಕಾಲೇಜಿಗೆ ಬಂದ್ರೂ ಇದು ತಪ್ಪಿಲ್ಲ. ಹೊಸದಾಗಿ ಸೇರಿಕೊಂಡಿರೋದು ಸಲಹೆ ಮಾತ್ರ: "ಆಪರೇಶನ್ ಮಾಡ್ಸಿಬಿಡು, ಚಷ್ಮಾ ಹೋಗ್ತದ."

ಫೈನಲ್ ಇಯರ್ ಹತ್ತಿರ ಬಂದಂಗೆ ಈ ಸಲಹೆ ಒತ್ತಾಯ ಆಗುತ್ತೆ. ಪ್ಲೇಸ್‌ಮೆಂಟ್ ಅಂತ ಒಂದು ಕಡೆ, ಮದುವೆ ಮಾತುಕತೆ ಅಂತ ಇನ್ನೊಂದು ಕಡೆ. ಹೆಣ್ಣುಮಕ್ಕಳ ಮೇಲಂತೂ ಇದು ಇನ್ನೂ ಜಾಸ್ತಿ. ಲೇಸಿಕ್ ಆಗಲ್ಲ ಅಂತ ಡಾಕ್ಟರ್ ಹೇಳಿದ್ರೆ ಈಗ ಇನ್ನೊಂದು ದಾರಿ ಇದೆ: ಕಣ್ಣಿನ ಒಳಗೇ ಲೆನ್ಸ್ ಕೂರಿಸೋದು. ಐಸಿಎಲ್ ಅಂತ ಕರೀತಾರೆ. ಮಾಡಿಸಿಕೊಂಡು ಬಂದವರು "ಮರುದಿನವೇ 6/6" ಅಂತ ಹೇಳ್ತಾರೆ. ಅದು ಸುಳ್ಳಲ್ಲ. ಆದ್ರೆ ಅದು ಪೂರ್ತಿ ಉತ್ತರವೂ ಅಲ್ಲ ಅನ್ನೋದು ನನ್ನ ವಾದ.

ನಾನು ಹೇಳೋದು ಇಷ್ಟೇ. ಈ ಆಪರೇಶನ್ ಒಳ್ಳೆಯದು, ದೊಡ್ಡ ನಂಬರಿನವರಿಗೆ ಬಹಳಷ್ಟು ಸಲ ಲೇಸಿಕ್‌ಗಿಂತ ಒಳ್ಳೆಯದು. ಆದ್ರೆ ನಾವು ಅದನ್ನ ತಪ್ಪು ಅಳತೆಗೋಲಿನಿಂದ ಅಳೀತಾ ಇದ್ದೀವಿ. ಚಷ್ಮಾ ಹೋಯ್ತಾ, 6/6 ಬಂತಾ ಅನ್ನೋ ಎರಡು ಪ್ರಶ್ನೆಗೆ ನಿಲ್ತೀವಿ. ಕೇಳಬೇಕಾದ ಮೂರನೇ ಪ್ರಶ್ನೆ, ರಾತ್ರಿ ರಸ್ತೆ ಮೇಲೆ ಏನು ಕಾಣುತ್ತೆ ಅನ್ನೋದು. ಕಮಲನಗರದಂಥ ಊರಿಂದ ಬಂದ ನಮಗೆ ಆ ಪ್ರಶ್ನೆ ಬೆಂಗಳೂರಿನವರಿಗಿಂತ ಹೆಚ್ಚು ಮುಖ್ಯ.

ಮೊದಲು ನಂಬರ್ ಅಂದ್ರೇನು ನೋಡೋಣ

ಮೈನಸ್ ಹತ್ತು ಡಯಾಪ್ಟರ್ ಅಂದ್ರೆ ಚಷ್ಮಾ ಇಲ್ಲದೆ ಸ್ಪಷ್ಟವಾಗಿ ಕಾಣೋ ಕೊನೆಯ ದೂರ 10 ಸೆಂ.ಮೀ. ಒಂದು ಮೀಟರನ್ನ ಹತ್ತರಿಂದ ಭಾಗಿಸಿ, ಅಷ್ಟೇ. ಅದರಾಚೆ ಎಲ್ಲಾ ಮಸುಕು. ಎಷ್ಟು ಮಸುಕು ಅಂತಲೂ ಲೆಕ್ಕ ಹಾಕಬಹುದು. ದೂರದ ಒಂದು ಬೆಳಕಿನ ಚುಕ್ಕೆ ಎಷ್ಟು ಅಗಲವಾಗಿ ಹರಡುತ್ತೆ ಅನ್ನೋದು ಕಣ್ಣಿನ ಪಾಪೆಯ ವ್ಯಾಸ ಮತ್ತು ಡಯಾಪ್ಟರ್‌ನ ಗುಣಲಬ್ಧ. ರಾತ್ರಿ ಪಾಪೆ 6 ಮಿ.ಮೀ. ತೆರೆದಿದ್ರೆ 0.006 ಇಂಟು 10, ಅಂದ್ರೆ 0.06 ರೇಡಿಯನ್, ಸುಮಾರು 3.4 ಡಿಗ್ರಿ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ. ಹಾಗಾಗಿ ಚಷ್ಮಾ ತೆಗೆದ ಮೈನಸ್ ಹತ್ತರ ಕಣ್ಣಿಗೆ ಒಂದು ನಕ್ಷತ್ರ ಏಳು ಚಂದ್ರರಷ್ಟು ಅಗಲ. ಇದೇ ಸೂತ್ರ ಮುಂದೆ ಮತ್ತೆ ಬರುತ್ತೆ, ನೆನಪಿಡಿ.

ಇಷ್ಟು ದೊಡ್ಡ ದೋಷವನ್ನ ಲೇಸಿಕ್ ಯಾಕೆ ಸರಿಮಾಡಲ್ಲ? ಲೇಸಿಕ್ ಅಂದ್ರೆ ಕಾರ್ನಿಯಾವನ್ನ ಲೇಸರ್‌ನಿಂದ ಕೆತ್ತೋದು. ಎಷ್ಟು ಆಳ ಕೆತ್ತಬೇಕು ಅನ್ನೋದಕ್ಕೆ ಮನ್ನರ್ಲಿನ್ ಸೂತ್ರ ಇದೆ: ಆಪ್ಟಿಕಲ್ ವಲಯದ ವ್ಯಾಸದ ವರ್ಗವನ್ನ ಡಯಾಪ್ಟರ್‌ನಿಂದ ಗುಣಿಸಿ ಮೂರರಿಂದ ಭಾಗಿಸಬೇಕು. 6 ಮಿ.ಮೀ. ವಲಯಕ್ಕೆ ಪ್ರತಿ ಡಯಾಪ್ಟರ್‌ಗೆ 12 ಮೈಕ್ರಾನ್. ಕಾರ್ನಿಯಾ ಮಟ್ಟದಲ್ಲಿ 12 ಡಯಾಪ್ಟರ್ ತೆಗೀಬೇಕು ಅಂದ್ರೆ 144 ಮೈಕ್ರಾನ್. ಕಾರ್ನಿಯಾ 520 ಮೈಕ್ರಾನ್ ದಪ್ಪ ಇದೆ, ಮೇಲಿನ ಪದರ ಎತ್ತೋದಕ್ಕೆ 110 ಹೋಯ್ತು ಅಂತ ಇಟ್ಟುಕೊಳ್ಳಿ. ಉಳಿಯೋದು 266. ಕನಿಷ್ಠ 250 ಉಳೀಬೇಕು ಅನ್ನೋದು ಹಳೇ ನಿಯಮ, ಈಗ ಬಹಳ ಡಾಕ್ಟರ್‌ಗಳು 300 ಉಳಿಸೋಕೆ ನೋಡ್ತಾರೆ. ಫ್ಯಾಕ್ಟರ್ ಆಫ್ ಸೇಫ್ಟಿ ಓದಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಕೆತ್ತಿ ಕೆತ್ತಿ ನಡುಭಾಗ ಚಪ್ಪಟೆಯಾದ ಕಾರ್ನಿಯಾ ರಾತ್ರಿ ಬೆಳಕನ್ನ ಅಂಚಿನಲ್ಲಿ ಒಂದು ಥರ, ನಡುವೆ ಒಂದು ಥರ ಬಾಗಿಸುತ್ತೆ. ಅದಕ್ಕೆ ಸ್ಫೆರಿಕಲ್ ಅಬೆರೇಶನ್ ಅಂತಾರೆ.

ಐಸಿಎಲ್ ಕಾರ್ನಿಯಾದ ತಂಟೆಗೆ ಹೋಗಲ್ಲ. ಸುಮಾರು 3 ಮಿ.ಮೀ. ಸೀಳಿನಿಂದ ಮಡಚಿದ ಮೆತ್ತನೆ ಲೆನ್ಸನ್ನ ಒಳಗೆ ಬಿಟ್ಟು, ಬಣ್ಣದ ಪರದೆಯ ಹಿಂದೆ, ಹುಟ್ಟು ಮಸೂರದ ಮುಂದೆ ಕೂರಿಸ್ತಾರೆ. ಹುಟ್ಟು ಮಸೂರ ಹಾಗೇ ಇರುತ್ತೆ. ಬೇಕಾದ್ರೆ ಮುಂದೆ ಲೆನ್ಸನ್ನ ಹೊರಗೆ ತೆಗೀಲೂಬಹುದು. ವಿಚಾರ ಹೊಸದಲ್ಲ. ಇಟಲಿಯ ಸ್ಟ್ರಾಂಪೆಲ್ಲಿ 1950ರ ದಶಕದಲ್ಲೇ ಹುಟ್ಟು ಮಸೂರ ಇರುವ ಕಣ್ಣಿಗೆ ಲೆನ್ಸ್ ಹಾಕಿದ್ದರು. ಆ ಪೀಳಿಗೆಯ ಲೆನ್ಸುಗಳು ಕಾರ್ನಿಯಾ ಹಾಳುಮಾಡಿದ್ದರಿಂದ ಅದು ನಿಂತುಹೋಯಿತು. ಪರದೆಯ ಹಿಂದೆ ಕೂರಿಸುವ ದಾರಿಯನ್ನ 1986ರಲ್ಲಿ ಮಾಸ್ಕೋದ ಫ್ಯೋಡೊರೊವ್ ತೆರೆದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸ್ಟಾರ್ ಕಂಪನಿಯ ಐಸಿಎಲ್‌ಗೆ ಒಪ್ಪಿಗೆ ಕೊಟ್ಟಿದ್ದು 2005ರಲ್ಲಿ, ನಡುವೆ ತೂತಿರುವ ಈಗಿನ ಮಾದರಿಗೆ 2022ರಲ್ಲಿ. 2022ರ ಆ ಒಪ್ಪಿಗೆಯ ಪ್ರಕಾರ ವಯಸ್ಸು 21ರಿಂದ 45, ಮೈನಸ್ 3ರಿಂದ 20ರ ತನಕ ಇತ್ತು. ನಮ್ಮ ದೇಶದಲ್ಲೂ ಇಂಥದೇ ಲೆನ್ಸ್ ತಯಾರಾಗುತ್ತೆ: ಗುಜರಾತಿನ ಕೇರ್ ಗ್ರೂಪ್‌ನವರ ಐಪಿಸಿಎಲ್.

6/6 ಅನ್ನೋದು ಒಂದೇ ಒಂದು ಬಿಂದು

1862ರಲ್ಲಿ ಸ್ನೆಲೆನ್ ಅನ್ನೋ ಡಚ್ ವೈದ್ಯ ಮಾಡಿದ ಅಕ್ಷರದ ಪಟ್ಟಿಯ ಮೇಲೆ ಇವತ್ತಿಗೂ ನಮ್ಮ ದೃಷ್ಟಿಯ ತೀರ್ಪು ನಿಂತಿದೆ. 6/6 ಸಾಲಿನ ಅಕ್ಷರದ ಒಂದೊಂದು ಗೆರೆಯೂ ಕಣ್ಣಿಗೆ ಒಂದು ಮಿನಿಟ್ ಕೋನ, ಅಂದ್ರೆ ಡಿಗ್ರಿಯ ಅರವತ್ತನೇ ಒಂದು ಭಾಗ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ರತಿ ಡಿಗ್ರಿಗೆ 30 ಸೈಕಲ್. ಪಟ್ಟಿ ಹೇಗಿರುತ್ತೆ? ಬೆಳ್ಳನೆ ಹಾಳೆ, ಕಡುಕಪ್ಪು ಅಕ್ಷರ, ಹೊಳೆಯೋ ಬಲ್ಬು. ಕಾಂಟ್ರಾಸ್ಟ್ ನೂರಕ್ಕೆ ನೂರು.

ಆಂಪ್ಲಿಫೈಯರ್ ಲ್ಯಾಬ್ ನೆನಪು ಮಾಡ್ಕೊಳ್ಳಿ. ಯಾರಾದ್ರೂ ಬಂದು "ನಮ್ಮ ಆಂಪ್ಲಿಫೈಯರ್ 30 ಕಿಲೋಹರ್ಟ್ಸ್ ತನಕ ಏನೋ ಒಂದು ಔಟ್‌ಪುಟ್ ಕೊಡುತ್ತೆ" ಅಂದ್ರೆ ಅಷ್ಟಕ್ಕೇ ಫುಲ್ ಮಾರ್ಕ್ಸ್ ಕೊಡ್ತೀವಾ? ಫ್ರೀಕ್ವೆನ್ಸಿ ರೆಸ್ಪಾನ್ಸ್ ಎಲ್ಲಿ, ನಡುವೆ ಗೇನ್ ಎಷ್ಟು, ನಾಯ್ಸ್ ಎಷ್ಟು ಅಂತ ಕೇಳ್ತೀವಿ. 6/6 ಅಂದ್ರೆ ಆ ಕರ್ವ್‌ನ ಬಲತುದಿಯ ಒಂದು ಬಿಂದು ಮಾತ್ರ. ಕಣ್ಣಿಗೂ ಅಂಥದೇ ಒಂದು ಕರ್ವ್ ಇದೆ, ಕಾಂಟ್ರಾಸ್ಟ್ ಸೆನ್ಸಿಟಿವಿಟಿ ಅಂತ ಹೆಸರು. ಅದರ ಶಿಖರ ಇರೋದು ಪ್ರತಿ ಡಿಗ್ರಿಗೆ 3ರಿಂದ 6 ಸೈಕಲ್ ಸುತ್ತಮುತ್ತ. ಮುಖ ಗುರುತು ಹಿಡಿಯೋದು, ಮೆಟ್ಟಿಲ ಅಂಚು ಕಾಣೋದು, ಮಬ್ಬಿನಲ್ಲಿ ಎಮ್ಮೆ ಅಡ್ಡ ಬಂದಿದ್ದು ತಿಳಿಯೋದು, ಎಲ್ಲಾ ಅಲ್ಲಿ ನಡೆಯೋ ಕೆಲಸ. ತುದಿ ಬಿಂದು ಒಂದೇ ಇದ್ದು ನಡುಭಾಗ ಕುಸಿದ ಎರಡು ಕಣ್ಣು ಸಿಗಬಹುದು. ಇಬ್ಬರೂ ಪಟ್ಟಿಯ ಮುಂದೆ 6/6. ಇಬ್ಬರೂ ರಾತ್ರಿ ಒಂದೇ ಥರ ಗಾಡಿ ಓಡಿಸಲಾರರು.

ಇದು ಪುಸ್ತಕದ ಮಾತಲ್ಲ. ಕಬ್ಬಿನ ಸೀಸನ್‌ನಲ್ಲಿ ಭಾಲ್ಕಿಯಿಂದ ಕಮಲನಗರದ ಕಡೆ ರಾತ್ರಿ ಬೈಕ್ ಮೇಲೆ ಬಂದವರಿಗೆ ಗೊತ್ತು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್. ಹಿಂದಿನ ಟ್ರಾಲಿಗೆ ಲೈಟೂ ಇಲ್ಲ, ರೇಡಿಯಮ್ಮೂ ಇಲ್ಲ. ಕತ್ತಲಿಗಿಂತ ಸ್ವಲ್ಪ ಕಪ್ಪಾದ ಒಂದು ಗುಡ್ಡೆ ಅಷ್ಟೇ. ಅದೇ ಹೊತ್ತಿಗೆ ಎದುರಿಂದ ಉದಗೀರ ಕಡೆಯ ಲಾರಿ ಹೈ ಬೀಮ್ ಹಾಕ್ಕೊಂಡು ಬರುತ್ತೆ. ಆ ಕ್ಷಣದಲ್ಲಿ ಕಣ್ಣಿನ ಮುಂದಿರೋದು ಎರಡು ಕೆಲಸ: ಅತಿ ಕಡಿಮೆ ಕಾಂಟ್ರಾಸ್ಟಿನ ಟ್ರಾಲಿಯನ್ನ ಹುಡುಕೋದು, ಅತಿ ಹೆಚ್ಚು ಬೆಳಕಿನ ಹೆಡ್‌ಲೈಟನ್ನ ತಡಕೊಳ್ಳೋದು. ಸ್ನೆಲೆನ್ ಪಟ್ಟಿ ಇವೆರಡನ್ನೂ ಪರೀಕ್ಷೆ ಮಾಡಲ್ಲ. ಬೀದಿದೀಪದ ಕೆಳಗೇ ಓಡಾಡೋ ಊರಿನಲ್ಲಿ ಈ ವ್ಯತ್ಯಾಸ ಗೊತ್ತಾಗದೇ ಹೋಗಬಹುದು. ನಮ್ಮ ಕಡೆ ಗೊತ್ತಾಗುತ್ತೆ.

ಲೆನ್ಸ್ ಎಲ್ಲಿ ಗೆಲ್ಲುತ್ತೆ

ನ್ಯಾಯವಾಗಿ ಮೊದಲು ಲಾಭವನ್ನೇ ಹೇಳಬೇಕು. ಚಷ್ಮಾ ಕಣ್ಣಿನಿಂದ ಸುಮಾರು 12 ಮಿ.ಮೀ. ಮುಂದೆ ಕೂತಿರುತ್ತೆ. ಆ ಅಂತರದಿಂದಾಗಿ ಮೈನಸ್ ಗ್ಲಾಸು ಎಲ್ಲವನ್ನೂ ಚಿಕ್ಕದು ಮಾಡಿ ತೋರಿಸುತ್ತೆ. ಮೈನಸ್ ಹತ್ತಕ್ಕೆ ಲೆಕ್ಕ ಹಾಕಿದ್ರೆ 1 ಭಾಗಿಸು 1.12, ಅಂದ್ರೆ 0.89. ಇಡೀ ಜಗತ್ತು ಶೇಕಡಾ 11ರಷ್ಟು ಕುಗ್ಗಿರುತ್ತೆ. ಲೆನ್ಸ್ ಕಣ್ಣೊಳಗೆ ಹೋದ ಮೇಲೆ ಈ ಕುಗ್ಗುವಿಕೆ ಹೆಚ್ಚು ಕಡಿಮೆ ಹೋಗಿಬಿಡುತ್ತೆ. ಅದಕ್ಕೇ ದೊಡ್ಡ ನಂಬರಿನವರು ಎಷ್ಟೋ ಜನ ಆಪರೇಶನ್ ಆದ ಮೇಲೆ ಚಷ್ಮಾ ಹಾಕಿ ಓದಲಾಗದಿದ್ದ ಸಾಲನ್ನೂ ಓದ್ತಾರೆ. ಇದು ಜಾದೂ ಅಲ್ಲ, ಜಾಮಿಟ್ರಿ.

ಎರಡನೇ ಲಾಭ, ದಪ್ಪ ಗ್ಲಾಸಿನ ಕಾಟ ತಪ್ಪೋದು. ತೆಳ್ಳಗೆ ಕಾಣಲಿ ಅಂತ ನಾವು 1.67, 1.74 ಇಂಡೆಕ್ಸಿನ ಗ್ಲಾಸು ಹಾಕಿಸ್ತೀವಿ. ಅವುಗಳ ಆಬೆ ನಂಬರ್ ಸುಮಾರು 32. ಹಳೇ ಸಾದಾ ಪ್ಲಾಸ್ಟಿಕ್ ಗ್ಲಾಸಿನದು 58. ಆಬೆ ನಂಬರ್ ಕಡಿಮೆಯಾದಷ್ಟೂ ಬಣ್ಣ ಒಡೆಯೋದು ಜಾಸ್ತಿ. ಕಣ್ಣಂಚಿನಿಂದ ಟ್ಯೂಬ್‌ಲೈಟ್ ನೋಡಿದ್ರೆ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ ಗೆರೆ ಕಾಣೋದು ಅದಕ್ಕೇ. ಮಳೆ, ಬೆವರು, ಹೆಲ್ಮೆಟ್ಟಿನೊಳಗಿನ ಹಬೆ ಬೇರೆ. ಮೂರನೆಯದು, ಕಾರ್ನಿಯಾದ ಆಕಾರ ಮುಟ್ಟದೇ ಇರೋದರಿಂದ ದೊಡ್ಡ ನಂಬರಿನಲ್ಲಿ ಲೇಸಿಕ್ ತರೋ ಅಬೆರೇಶನ್‌ಗಳು ಇಲ್ಲಿ ಕಡಿಮೆ.

ಹಾಗಾಗಿ ನಂಬರ್ ಮೈನಸ್ ಎಂಟು, ಹತ್ತು ದಾಟಿದವರು, ಕಾರ್ನಿಯಾ ತೆಳ್ಳಗಿರುವವರು ಈ ದಾರಿ ಹಿಡಿದ್ರೆ ನಾನು ತಪ್ಪು ಅನ್ನಲ್ಲ. ನನ್ನದೇ ನಂಬರ್ ಮೈನಸ್ ಒಂಬತ್ತೂವರೆ, ಈ ಲೆಕ್ಕ ನನ್ನದೂ ಹೌದು.

ಎಲ್ಲಿ ಬೆಲೆ ತೆರಬೇಕು

ಈಗಿನ ಐಸಿಎಲ್‌ನ ನಡುಮಧ್ಯದಲ್ಲಿ 0.36 ಮಿ.ಮೀ. ಅಗಲದ ಒಂದು ತೂತು ಇದೆ. ಲೆನ್ಸಿನ ನಟ್ಟನಡುವೆ ಬೇಕಂತಲೇ ತೂತು! ಕಾರಣ ಕೊಳಾಯಿ ಕೆಲಸದ್ದು. ಕಣ್ಣಿನೊಳಗಿನ ನೀರು ಹಿಂದಿನಿಂದ ಮುಂದಕ್ಕೆ ಪಾಪೆಯ ಮೂಲಕ ಹರೀಬೇಕು. ಲೆನ್ಸ್ ಅಡ್ಡ ಕೂತರೆ ಒತ್ತಡ ಏರಿ ನರಕ್ಕೆ ಪೆಟ್ಟು. ಹಳೇ ಮಾದರಿಯಲ್ಲಿ ಇದಕ್ಕಾಗಿ ಬಣ್ಣದ ಪರದೆಗೇ ಲೇಸರ್‌ನಿಂದ ತೂತು ಹೊಡೀತಿದ್ದರು. ಹುಟ್ಟು ಮಸೂರಕ್ಕೆ ನೀರಿನ ಹರಿವು ಸರಿಯಾಗಿ ಸಿಗದೆ ಕೆಲವರಿಗೆ ಪೊರೆಯೂ ಬರ್ತಿತ್ತು. ಜಪಾನಿನ ಕಿಮಿಯಾ ಶಿಮಿಜು ಅನ್ನೋ ಸರ್ಜನ್ "ತೂತು ಲೆನ್ಸಿಗೇ ಇರಲಿ" ಅನ್ನೋ ವಿಚಾರದ ಮೇಲೆ ಕೆಲಸ ಮಾಡಿದರು. ಹರಿವಿಗೆ ಸಾಕಾಗುವಷ್ಟು ದೊಡ್ಡದು, ದೃಷ್ಟಿ ಕೆಡಿಸದಷ್ಟು ಚಿಕ್ಕದು. ಚಂದದ ಇಂಜಿನಿಯರಿಂಗ್ ಅಂದ್ರೆ ಇದು.

ಆದ್ರೆ ಟ್ರೇಡ್-ಆಫ್ ಇಲ್ಲದ ಡಿಸೈನ್ ಇಲ್ಲ. ಆ ತೂತಿನ ಒಳಗೋಡೆಗೆ ಬೆಳಕು ಬಡಿದು ಚದುರುತ್ತೆ. ರಾತ್ರಿ ಬಲ್ಬಿನ ಸುತ್ತ, ಹೆಡ್‌ಲೈಟಿನ ಸುತ್ತ ತೆಳುವಾದ ಬಳೆಯಂಥ ಉಂಗುರ ಕಾಣೋದು ಇದರಿಂದ. ಬಹಳ ಜನಕ್ಕೆ ಕೆಲವು ತಿಂಗಳಲ್ಲಿ ಅದರ ಕಡೆ ಲಕ್ಷ್ಯ ಹೋಗೋದು ಕಡಿಮೆಯಾಗುತ್ತೆ, ಮಿದುಳು ಒಗ್ಗಿಕೊಳ್ಳುತ್ತೆ. ಉಂಗುರ ಮಾಯ ಆಗಲ್ಲ, ಮಿದುಳು ಅದನ್ನ ಬಿಟ್ಟುಬಿಡುತ್ತೆ. ಕೆಲವರಿಗೆ ಬಿಡಲ್ಲ. ನಮ್ಮ ಸೀನಿಯರ್ ಒಬ್ಬರು ಆಪರೇಶನ್ ಆಗಿ ಎರಡನೇ ವಾರ ಗಾಬರಿಯಾಗಿ ಫೋನ್ ಮಾಡಿದ್ದರು: "ಎಲ್ಲಾ ಲೈಟಿಗೂ ಬಳೆ ತೊಡಿಸಿದಂಗ ಕಾಣ್ಲಿಕತ್ತದ, ಲೆನ್ಸ್ ಸರ್ಕೊಂಡದ ಏನು?" ಸರಿದಿರಲಿಲ್ಲ. ಅದು ಹಾಗೇ ಇರುವಂಥದ್ದು ಅಂತ ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲ, ಅಷ್ಟೇ. ಮುಂಚೆ ಗೊತ್ತಿದ್ದ ಉಂಗುರ ಒಂದು ಕಿರಿಕಿರಿ. ಗೊತ್ತಿಲ್ಲದೆ ಬಂದ ಉಂಗುರ ಒಂದು ಭಯ.

ಇನ್ನೊಂದು ಕಾರಣ ಲೆನ್ಸಿನ ಅಂಚು. ಲೆನ್ಸಿನಲ್ಲಿ ಬೆಳಕನ್ನ ಸರಿಯಾಗಿ ಬಾಗಿಸೋ ಭಾಗಕ್ಕೆ ಆಪ್ಟಿಕ್ ಅಂತಾರೆ. ಮೇಲೆ ಹೇಳಿದ 0.36 ಮಿ.ಮೀ. ತೂತಿನ ಮಾದರಿಯಲ್ಲಿ ಇದರ ವ್ಯಾಸ 5.8 ಮಿ.ಮೀ.ನಿಂದ 4.9 ಮಿ.ಮೀ. ತನಕ ಇರುತ್ತೆ. ಗಮನಿಸಿ, ಪವರ್ ಜಾಸ್ತಿಯಾದಂಗೆ ಆಪ್ಟಿಕ್ ಚಿಕ್ಕದಾಗುತ್ತೆ. ಇನ್ನೂ ಅಗಲದ ಆಪ್ಟಿಕ್‌ನ ಮಾದರಿಯೂ ಬಂದಿದೆ, ಆದ್ರೆ ಎಲ್ಲಾ ಪವರ್‌ಗೂ ಅಷ್ಟೇ ಅಗಲ ಸಿಗಲ್ಲ. ಕಾರ್ನಿಯಾ ಭೂತಗನ್ನಡಿ ಥರ ದೊಡ್ಡದು ಮಾಡುವುದರಿಂದ 4.9 ಮಿ.ಮೀ. ಆಪ್ಟಿಕ್ ಕಣ್ಣಿನ ಹೊರಮೈ ಲೆಕ್ಕಕ್ಕೆ ಸುಮಾರು 6 ಮಿ.ಮೀ. ಕೆಲಸ ಮಾಡುತ್ತೆ. ಇಪ್ಪತ್ತೆರಡು ವರ್ಷದವರ ಪಾಪೆ ಕತ್ತಲಲ್ಲಿ 7 ಮಿ.ಮೀ. ತೆರೆಯೋದು ದೊಡ್ಡ ಮಾತಲ್ಲ. ಆಗ ಏನಾಗುತ್ತೆ? 36 ಭಾಗಿಸು 49. ಪಾಪೆಯ ಕಾಲು ಭಾಗಕ್ಕಿಂತ ಹೆಚ್ಚು ವಿಸ್ತೀರ್ಣದಿಂದ ಬರೋ ಬೆಳಕು ಆಪ್ಟಿಕ್‌ನ ಹೊರಗಿಂದ ನುಗ್ಗುತ್ತೆ. ಆ ಬೆಳಕಿಗೆ ನೀವು ಇನ್ನೂ ಮೈನಸ್ ಹನ್ನೆರಡರವರೇ. ಮೊದಲು ಹೇಳಿದ ಏಳು ಚಂದ್ರರ ಸೂತ್ರ ಅದಕ್ಕೆ ಇನ್ನೂ ಅನ್ವಯ ಆಗುತ್ತೆ. ನಡುವೆ ಸ್ಪಷ್ಟ ಬಿಂಬ, ಸುತ್ತ ಅಗಲವಾದ ಮಂಕು ಪ್ರಭೆ. ಅಂಚಿನಿಂದ ಬರುವ ಬೆಳಕಿಗೆ ರೆಟಿನಾ ಸ್ವಲ್ಪ ಕಡಿಮೆ ಬೆಲೆ ಕೊಡುತ್ತೆ ನಿಜ, ಆದ್ರೆ ಲಾರಿಯ ಹೈ ಬೀಮ್‌ಗೆ ಆ ರಿಯಾಯಿತಿ ಸಾಕಾಗಲ್ಲ. ಅಂದ್ರೆ ಈ ಆಪರೇಶನ್ ಯಾರಿಗೆ ಹೆಚ್ಚು ಬೇಕೋ, ಅದೇ ದೊಡ್ಡ ನಂಬರಿನ, ಅದೇ ಎಳೇ ವಯಸ್ಸಿನವರಿಗೆ ರಾತ್ರಿಯ ಪ್ರಭೆಯ ಸಾಧ್ಯತೆಯೂ ಹೆಚ್ಚು. ಇದನ್ನ ದೊಡ್ಡಕ್ಷರದಲ್ಲಿ ಹೇಳಬೇಕು, ಹೇಳೋದಿಲ್ಲ.

ಇನ್ನೆರಡು ಚಿಕ್ಕ ಮಾತು. ಸಿಲಿಂಡರ್ ಪವರ್ ಇದ್ದವರಿಗೆ ಟೋರಿಕ್ ಲೆನ್ಸ್ ಹಾಕ್ತಾರೆ. ಅದು ಒಳಗೆ ತಿರುಗಿದ್ರೆ ಒಂದೊಂದು ಡಿಗ್ರಿಗೆ ಸುಮಾರು ಶೇಕಡಾ 3.3ರಷ್ಟು ಸಿಲಿಂಡರ್ ತಿದ್ದುಪಡಿ ಕಳೆದುಹೋಗುತ್ತೆ. 30 ಡಿಗ್ರಿ ತಿರುಗಿದ್ರೆ ಪೂರ್ತಿ ಹೋಯ್ತು. ಹಾಗಾಗಿ ಎರಡನೇ ಸಲ ಥಿಯೇಟರ್‌ಗೆ ಹೋಗಿ ಸರಿಮಾಡಿಸಬೇಕಾಗೋ ಸಾಧ್ಯತೆ ಇದೆ. ಎರಡನೆಯದು ಕೋಡಿಂಗ್ ಮಾಡೋರಿಗೆ. ಮೈನಸ್ ಚಷ್ಮಾ ಹಾಕಿ ಹತ್ತಿರ ನೋಡುವಾಗ ಕಣ್ಣಿನ ಮಸೂರಕ್ಕೆ ಕೆಲಸ ಕಡಿಮೆ. ಮೈನಸ್ ಹತ್ತರವರು 33 ಸೆಂ.ಮೀ. ದೂರದ ಪುಸ್ತಕ ನೋಡಲು 2.3 ಡಯಾಪ್ಟರ್ ಶ್ರಮ ಪಡ್ತಿದ್ರೆ, ಚಷ್ಮಾ ಹೋದ ಮೇಲೆ 3ರ ಹತ್ತಿರ ಪಡಬೇಕು. ಮೊದಲ ವಾರಗಳಲ್ಲಿ ಲ್ಯಾಪ್‌ಟಾಪ್ ಮುಂದೆ ಕಣ್ಣು ದಣಿದ್ರೆ ಅದಕ್ಕೆ ಇದೂ ಒಂದು ಕಾರಣ.

ಚಷ್ಮಾ ಹೋಗುತ್ತೆ, ಮಯೋಪಿಯಾ ಹೋಗಲ್ಲ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇದು. ಸಾಮಾನ್ಯ ಕಣ್ಣಿನ ಗುಡ್ಡೆ ಸುಮಾರು 24 ಮಿ.ಮೀ. ಉದ್ದ. ನಮ್ಮದು 26, 27, 28. ಬಲೂನ್ ಊದಿದಂಗೆ ಹಿಂದಿನ ರೆಟಿನಾ ಎಳೆದು ತೆಳ್ಳಗಾಗಿದೆ. ಲೆನ್ಸ್ ಹಾಕಿದ್ರೆ ಬೆಳಕು ಸರಿಯಾದ ಜಾಗಕ್ಕೆ ಬೀಳುತ್ತೆ, ಗುಡ್ಡೆಯ ಉದ್ದ ಒಂದು ಮೈಕ್ರಾನ್ ಕೂಡ ಕಡಿಮೆ ಆಗಲ್ಲ. ರೆಟಿನಾ ಹರಿಯೋ, ಕಳಚೋ ಅಪಾಯ, ಗ್ಲಾಕೋಮಾ ಅಪಾಯ ಹಾಗೇ ಉಳಿಯುತ್ತೆ. ಕ್ಯಾಮೆರಾಗೆ ಎಷ್ಟೇ ಒಳ್ಳೆ ಲೆನ್ಸ್ ಹಾಕಿ, ಸೆನ್ಸರ್ ಹಳೆಯದೇ. ಮ್ಯಾಕ್ಯುಲಾ ಮೊದಲೇ ಸವೆದಿದ್ರೆ 6/6 ಕೂಡ ಬರಲ್ಲ.

ಆದ್ದರಿಂದ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ ತಪಾಸಣೆ ಜೀವನಪೂರ್ತಿ ಬೇಕು. ಜೊತೆಗೆ ಕಣ್ಣಿನ ಒತ್ತಡ, ಕಾರ್ನಿಯಾದ ಒಳಪದರದ ಜೀವಕೋಶಗಳ ಎಣಿಕೆ, ಮತ್ತು ಹಾಕಿದ ಲೆನ್ಸಿಗೂ ಹುಟ್ಟು ಮಸೂರಕ್ಕೂ ನಡುವಿನ ಅಂತರ. ಆ ಅಂತರಕ್ಕೆ ವಾಲ್ಟ್ ಅಂತಾರೆ, ಕಾಲು ಮಿ.ಮೀ.ನಿಂದ ಮುಕ್ಕಾಲು ಮಿ.ಮೀ. ಒಳಗೆ ಇದ್ರೆ ಒಳ್ಳೆಯದು. ತೀರಾ ಕಡಿಮೆಯಾದ್ರೆ ಪೊರೆಯ ಭಯ, ತೀರಾ ಜಾಸ್ತಿಯಾದ್ರೆ ಒತ್ತಡದ ಭಯ. ಕಣ್ಣಲ್ಲಿ ಮಿಂಚು ಹೊಡೆದಂಗೆ ಆದ್ರೆ, ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಮಳೆ ಬಂದ್ರೆ, ಒಂದು ಕಡೆಯಿಂದ ಪರದೆ ಇಳಿದಂಗೆ ಕಂಡ್ರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ಇಂಟರ್ನಲ್ಸ್ ಮುಗೀಲಿ ಅನ್ನಬಾರದು. ಆಪರೇಶನ್ ಆಗದೇ ಇರೋ ದೊಡ್ಡ ನಂಬರಿನವರಿಗೂ ಇದೇ ಮಾತು.

ಇಲ್ಲೇ ನಮ್ಮ ಊರಿನ ಲೆಕ್ಕ ಬರೋದು. ಕಮಲನಗರದವರಿಗೆ ಉದಗೀರ ಹತ್ತಿರ, ಬೀದರ ದೂರ, ಹೈದರಾಬಾದ್ ಬೀದರಿನಿಂದ ಇನ್ನೂ ಸುಮಾರು 140 ಕಿ.ಮೀ. ಇಂಥ ಲೆನ್ಸ್ ಹಾಕುವ, ವಾಲ್ಟ್ ಅಳೆಯುವ ಸೌಲಭ್ಯಕ್ಕೆ ನಮ್ಮ ಕಡೆಯವರು ಬಹಳಷ್ಟು ಸಲ ಹೈದರಾಬಾದಿಗೋ ಬೆಂಗಳೂರಿಗೋ ಹೋಗ್ತಾರೆ. ಎರಡು ಕಣ್ಣಿನ ಖರ್ಚು ಲಕ್ಷಗಳ ಮಾತು. ಮನೆಯವರು ತೊಗರಿ, ಸೋಯಾ ಮಾರಿದ ದುಡ್ಡಿನಲ್ಲೋ ಸಾಲದಲ್ಲೋ ಅದನ್ನ ಹೊಂದಿಸ್ತಾರೆ. ಆಪರೇಶನ್‌ಗೆ ಹೊಂದಿಸಿದ ದುಡ್ಡು ಎಲ್ಲರಿಗೂ ಲೆಕ್ಕ ಇರುತ್ತೆ. ಮುಂದಿನ ಇಪ್ಪತ್ತು ವರ್ಷದ ತಪಾಸಣೆ, ಪ್ರಯಾಣ, ಒಂದೊಂದು ದಿನದ ಕೂಲಿ ಅಥವಾ ರಜೆಯ ಲೆಕ್ಕ ಯಾರೂ ಬರೆಯಲ್ಲ. ಕ್ಯಾಪಿಟಲ್ ಕಾಸ್ಟ್ ಬರೆದು ಮೇಂಟೆನೆನ್ಸ್ ಕಾಸ್ಟ್ ಬಿಟ್ಟ ಪ್ರಾಜೆಕ್ಟ್ ರಿಪೋರ್ಟನ್ನ ನಮ್ಮ ಗೈಡ್ ಒಪ್ಪಲ್ಲ. ನಾವು ನಮ್ಮ ಕಣ್ಣಿನ ವಿಷಯದಲ್ಲಿ ಯಾಕೆ ಒಪ್ಪಬೇಕು?

ಏನು ಮಾಡಬೇಕು

ನಾನು ತಪಾಸಣೆಗೆ ಹೋದ ಕಡೆ ಕೈಗೆ ಕೊಟ್ಟ ಬಣ್ಣದ ಕಾಗದದಲ್ಲಿ ಚಷ್ಮಾ ಎಸೆದು ನಗ್ತಾ ಇರೋ ಹುಡುಗಿ ಇದ್ದಳು, ಕಂತಿನ ವಿವರ ಇತ್ತು. ರಾತ್ರಿ ದೃಷ್ಟಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಒಂದು ಮೊಬೈಲ್ ಮಾರೋವಾಗಲೂ ಲೋ ಲೈಟ್ ಕ್ಯಾಮೆರಾ ಹೇಗಿದೆ ಅಂತ ಹೇಳ್ತಾರೆ. ಕಣ್ಣಿಗೆ ಅಷ್ಟಾದರೂ ಮರ್ಯಾದೆ ಬೇಡವೇ? ಸಹಿ ಹಾಕಿಸೋ ಫಾರಂನ ಸಣ್ಣಕ್ಷರದಲ್ಲಿ "ಗ್ಲೇರ್, ಹೇಲೋ" ಅಂತ ಇದ್ರೆ ಸಾಲದು. ಹೆಡ್‌ಲೈಟಿನ ಸುತ್ತ ಉಂಗುರ ಹೇಗೆ ಕಾಣಬಹುದು ಅಂತ ಚಿತ್ರ ತೋರಿಸಿ, ಕನ್ನಡದಲ್ಲಿ ಹೇಳಬೇಕು. ಅಪ್ಪ ಅಮ್ಮ ಪಕ್ಕದಲ್ಲಿ ಕೂತಿರ್ತಾರೆ, ಅವರಿಗೂ ಅರ್ಥ ಆಗಬೇಕು.

ಅಲ್ಲೀತನಕ ನಾವೇ ಕೇಳೋಣ. ಕತ್ತಲಲ್ಲಿ ನನ್ನ ಪಾಪೆ ಎಷ್ಟು ತೆರೆಯುತ್ತೆ, ಅಳೆದಿದ್ದೀರಾ? ನನ್ನ ಪವರ್‌ಗೆ ಬರೋ ಲೆನ್ಸಿನ ಆಪ್ಟಿಕ್ ಎಷ್ಟು ಮಿ.ಮೀ.? ಕಾಂಟ್ರಾಸ್ಟ್ ಪರೀಕ್ಷೆ ಆಪರೇಶನ್‌ಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಮಾಡ್ತೀರಾ? ಮೊದಲಿನ ರೀಡಿಂಗ್ ಇಲ್ಲದಿದ್ರೆ ಆಮೇಲೆ ಹೋಲಿಸೋದು ಯಾವುದರ ಜೊತೆ? ನನ್ನ ರೆಟಿನಾದ ಅಂಚು ಹೇಗಿದೆ? ಒಂದು ವರ್ಷದಿಂದ ನಂಬರ್ ನಿಂತಿದೆಯಾ? ಇನ್ನೊಂದು ಸುಲಭ ಉಪಾಯ: ಡಾಕ್ಟರ್ ಒಪ್ಪಿದ್ರೆ ಮೊದಲು ಕೆಲವು ದಿನ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೋಡಿ. ವಸ್ತುಗಳು ದೊಡ್ಡದಾಗಿ ಕಾಣೋದು, ಹತ್ತಿರದ ಶ್ರಮ ಹೆಚ್ಚಾಗೋದು, ಎರಡರ ಅಂದಾಜು ಕಡಿಮೆ ಖರ್ಚಿನಲ್ಲಿ ಸಿಗುತ್ತೆ. ಉಂಗುರದ ಅನುಭವ ಮಾತ್ರ ಸಿಗಲ್ಲ.

ನೌಕರಿಗಾಗಿ ಮಾಡಿಸಿಕೊಳ್ಳೋರು ಮೊದಲು ನೋಟಿಫಿಕೇಶನ್ ಓದಿ. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ 2024ರ ಅಧಿಸೂಚನೆಯಲ್ಲಿ, ಲೇಸಿಕ್ ಅಥವಾ ದೃಷ್ಟಿದೋಷ ಸರಿಪಡಿಸುವ ಬೇರೆ ಯಾವುದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅರ್ಹರಲ್ಲ ಅಂತಲೇ ಇದೆ. ಚಷ್ಮಾ ಇಲ್ಲದೆ 6/6 ಬಂದ್ರೆ ಸಾಕು ಅಂತ ಮನೆಯವರು ಸಾಲ ಮಾಡಿರ್ತಾರೆ. ರೈಲ್ವೆ ನೋಡೋದು 6/6 ಒಂದನ್ನೇ ಅಲ್ಲ.

"ಇಷ್ಟೆಲ್ಲಾ ಯೋಚನೆ ಮಾಡಿದ್ರೆ ಯಾರೂ ಆಪರೇಶನ್ ಮಾಡಿಸಲ್ಲ" ಅಂತ ಒಬ್ಬ ಗೆಳೆಯ ವಾದ ಮಾಡಿದ. ನನಗೆ ಹಾಗನ್ನಿಸಲ್ಲ. ಮೈನಸ್ ಹದಿನಾಲ್ಕರವರು ಇದನ್ನೆಲ್ಲಾ ಓದಿ, ದಪ್ಪ ಗ್ಲಾಸಿನ ಕಾಟದ ಜೊತೆ ತೂಗಿ ನೋಡಿ, "ಒಂದು ತೆಳು ಉಂಗುರ ನನಗೆ ಏನೂ ಅಲ್ಲ" ಅಂತ ನಿರ್ಧಾರ ಮಾಡಬಹುದು. ಅದು ಸರಿಯಾದ ನಿರ್ಧಾರವೇ. ಮೈನಸ್ ನಾಲ್ಕರವರು, ರಾತ್ರಿ ಹೊತ್ತು ದಿನಾ ಹಳ್ಳಿಗೆ ಬೈಕ್ ಮೇಲೆ ಹೋಗೋರು, "ನನಗೆ ಚಷ್ಮಾನೇ ಸಾಕು" ಅನ್ನಬಹುದು. ಅದೂ ಸರಿ. ತಪ್ಪಾಗೋದು ಒಂದೇ ಕಡೆ: ಬೀಗರು ಬರೋ ತಾರೀಖು ನೋಡಿ ಆಪರೇಶನ್ ತಾರೀಖು ಇಡೋದು. ಚಷ್ಮಾ ನೋಡಿ ಬೇಡ ಅನ್ನೋ ಸಂಬಂಧಕ್ಕಾಗಿ ಕಣ್ಣಿನ ಒಳಗೆ ಕೈಹಾಕಿಸಿಕೊಳ್ಳೋ ಅಗತ್ಯ ಯಾರಿಗೂ ಇಲ್ಲ.

ಕನ್ನಡ ಸಂಘದವರಿಗೂ ಒಂದು ಮಾತು. ವರ್ಷಾ ವರ್ಷ ರಕ್ತದಾನ ಶಿಬಿರ ಮಾಡ್ತೀವಿ. ಈ ಸಲ ಅದರ ಜೊತೆ ದೊಡ್ಡ ನಂಬರಿನವರಿಗಾಗಿ ರೆಟಿನಾ ತಪಾಸಣೆಯನ್ನೂ ಸೇರಿಸೋಣ. ಲ್ಯಾಬ್‌ನಲ್ಲಿ ಎಲ್ಲಾ ಉಪಕರಣಕ್ಕೂ ಕ್ಯಾಲಿಬ್ರೇಶನ್ ಸ್ಟಿಕ್ಕರ್ ಅಂಟಿಸಿ, ಮುಂದಿನ ತಾರೀಖು ಬರೆದಿರ್ತೀವಿ. ದಿನಾ ಹತ್ತು ತಾಸು ಓಡೋ ಎರಡು ಉಪಕರಣ ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ಈ ಸೆಮಿಸ್ಟರ್ ಮುಗಿಯೋದರೊಳಗೆ ಅವುಗಳಿಗೂ ಒಂದು ತಾರೀಖು ಬರೆಯೋಣ.